ಕೈ ಕಟ್ಟಿ ನಿಂತ ಒಂದೂವರೆ ನಿಮಿಷ

ಫೆಬ್ರವರಿ 3

ಪ್ರೀತಿಯ ವಟವಟ,

ನಿನ್ನ ಅಕ್ಕ ಟಿವಿಯಲ್ಲಿ ಸುದ್ದಿಯಾಗಿದ್ದಾಳೆ, ನೋಡಿದೆಯಾ? ನಲವತ್ತೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಬದುಕಿದವಳು ಒಂದೂವರೆ ನಿಮಿಷದಲ್ಲಿ ಊರಿಗೆಲ್ಲ ಗೊತ್ತಾಗಿಬಿಟ್ಟೆ. ಫೋನು ಮಾಡಿದರೆ ನೀನು ಮೀಟಿಂಗಿನಲ್ಲಿರುತ್ತೀಯ, ಹಾಂ ಹೂಂ ಅನ್ನುತ್ತೀಯ. ಅದೂ ಅಲ್ಲದೆ ಕಿವಿ ಕೇಳದ ಅಮ್ಮನ ಎದುರು ಫೋನಿನಲ್ಲಿ ಮಾತಾಡುವುದೆಂದರೆ ಅವಳ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಕಾಗದವಾದರೆ ಅವಳೂ ಓದುತ್ತಾಳೆ. ಆದರೆ ಇದೊಂದನ್ನು ಅವಳಿಗೆ ತೋರಿಸದೆ ಅಂಚೆಗೆ ಹಾಕುತ್ತಿದ್ದೇನೆ.

ಮೊನ್ನೆ ಭಾನುವಾರ ಮಧ್ಯಾಹ್ನ ನಿಮ್ಮ ಪಕ್ಷದ ಸಾಹೇಬರು ನಮ್ಮೂರ ಮೈದಾನಕ್ಕೆ ಬಂದಿದ್ದರು. ಅವರ ಭಾಷಣವನ್ನು ಕೈಮಾತಿನಲ್ಲಿ ಹೇಳಲು ಟಿವಿಯವರು ನನ್ನನ್ನು ಕರೆಸಿದ್ದರು. ಎಂದಿನ ಹಾಗೆ ವೇದಿಕೆಯ ಎಡ ಮೂಲೆ, ಕಪ್ಪು ಅಂಗಿ, ಉಂಗುರ ಗಡಿಯಾರ ಎಲ್ಲ ಪರ್ಸಿನಲ್ಲಿ. ರಸ್ತೆ, ನೀರು, ಉದ್ಯೋಗ ಎಲ್ಲ ಸರಾಗವಾಗಿ ಸಾಗಿತು. ಆಮೇಲೆ ಅವರು ಕಾಲುವೆ ದಂಡೆಯ ಸಾಲುಮನೆಗಳ ಕಡೆ ತಿರುಗಿದರು. ಅಲ್ಲಿಯವರು ಹೊರಗಿನಿಂದ ಬಂದು ಎರಡು ತಲೆಮಾರಾಯಿತು, ಇನ್ನೂ ಎಲ್ಲರ ಬಾಯಲ್ಲಿ ಹೊರಗಿನವರೇ. "ಕೊಳೆ ತಾನಾಗಿ ಎದ್ದು ಹೋಗಲ್ಲ. ಗುಡಿಸಬೇಕು. ಪ್ರತಿ ಮನೆಯಲ್ಲೂ ಒಂದು ಪೊರಕೆ ಇದೆ. ಇವತ್ತು ಕೈಗೆ ತಗೊಳ್ಳಿ" ಅಂದರು.

ಕೈ ಮೇಲೇಳಲಿಲ್ಲ ಎಂದು ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಬೇಕೆಂದೇ ಇಳಿಸಿದೆ, ಬೆನ್ನ ಹಿಂದೆ ಕಟ್ಟಿಕೊಂಡೆ. ಒಂದೂವರೆ ನಿಮಿಷ ಹಾಗೇ ನಿಂತಿದ್ದೆ. ಅವರು ಮತ್ತೆ ರಸ್ತೆ ರಿಪೇರಿಗೆ ಬಂದಾಗ ನಾನೂ ಬಂದೆ.

ಸಂಜೆ ಜನ ನಿಜವಾಗಿಯೂ ಪೊರಕೆ ಹಿಡಿದುಕೊಂಡು ಕಾಲುವೆಗೆ ಹೋದರಂತೆ. ಪತ್ರಿಕೆಯವರು 'ಸಣ್ಣ ಗಲಾಟೆ' ಎಂದು ಬರೆದಿದ್ದಾರೆ. ನನ್ನ ಕೈಯಂತೂ ಅದರಲ್ಲಿ ಸೇರಲಿಲ್ಲ ಎಂಬ ಸಮಾಧಾನವಿದೆ. ಸ್ವಲ್ಪ ಜಂಬವೂ ಇದೆ.

ಈಗ ಕಷ್ಟದ ಸುದ್ದಿ. ನಾನು ಸಾಹೇಬರ ಬಾಯಿ ಮುಚ್ಚಿಸಿದೆ ಎಂದು ನಿಮ್ಮ ಪಕ್ಷದವರು ಅನುವಾದಕರ ಮಂಡಳಿಗೆ ದೂರು ಕೊಟ್ಟಿದ್ದಾರೆ. ಮಾರ್ಚ್ 18ಕ್ಕೆ ವಿಚಾರಣೆ, ನಿನ್ನೂರಿನಲ್ಲೇ. ಪರವಾನಗಿ ರದ್ದಾದರೂ ಆಗಬಹುದು. ನನಗೆ ಬೇರೆ ಏನು ಕೆಲಸ ಬರುತ್ತದೆ ಹೇಳು?

ನೀನು ಅದೇ ಕಚೇರಿಯಲ್ಲಿ ಅಂಕಿಅಂಶ ನೋಡಿಕೊಳ್ಳುವವನು. ಇಂಥ ಮಾತು ಬರೆದುಕೊಡುವ ಮಹಾನುಭಾವ ಯಾರೆಂದು ಪತ್ತೆ ಮಾಡಿ, ನನ್ನ ಪರವಾಗಿ ಕಿವಿ ಹಿಂಡು.

ನಿನ್ನ,
ಅಕ್ಕ

ಫೆಬ್ರವರಿ 9

ಪ್ರೀತಿಯ ಅಕ್ಕ,

ನೋಡಿದೆ. ಕಚೇರಿಯಲ್ಲಿ ಹತ್ತು ಜನ ಒಟ್ಟಿಗೆ ನೋಡಿದೆವು. ನೀನು ಕೈ ಕಟ್ಟಿ ನಿಂತ ಕೂಡಲೇ ಪಕ್ಕದ ಮೇಜಿನವನು "ಯಾರಪ್ಪ ಈ ಹೆಡ್‌ಮಿಸ್ಟ್ರೆಸ್?" ಅಂದ. ನಮ್ಮಕ್ಕ ಅನ್ನಲು ಬಾಯಿ ಬರಲಿಲ್ಲ, ಕ್ಷಮಿಸು.

ಸಿಟ್ಟು ಮಾಡಿಕೊಳ್ಳಬೇಡ, ಆದರೆ ನೀನು ಮಾಡಿದ್ದು ತಪ್ಪು. ಎಲ್ಲರೂ ಒಪ್ಪುವ ಮಾತಿಗೆ ಯಾರ ಕಾವಲೂ ಬೇಕಿಲ್ಲ. ಕಾವಲು ಬೇಕಾಗುವುದು ನಮಗೆ ಹಿಡಿಸದ ಮಾತಿಗೇ. ಇವತ್ತು ನೀನು ಅವರ ಮಾತನ್ನು ತಡೆದರೆ, ನಾಳೆ ಇನ್ನೊಬ್ಬ ಅನುವಾದಕ ನಿನಗೆ ಪ್ರಿಯವಾದವರ ಮಾತನ್ನು ತಡೆಯುತ್ತಾನೆ. ಅಮ್ಮ ಸಣ್ಣವಳಿದ್ದಾಗ ಶಾಲೆಯಲ್ಲಿ ಕೈಮಾತು ಆಡಬಾರದೆಂದು ಮಕ್ಕಳನ್ನು ಅವರವರ ಕೈಯ ಮೇಲೆಯೇ ಕೂರಿಸುತ್ತಿದ್ದರಂತಲ್ಲ, ನೆನಪಿದೆಯಾ? ಅಂಥವಳ ಮಗಳು ನೀನು. ಮಾತು ನಿಲ್ಲಿಸುವ ಕೆಲಸ ನಮ್ಮ ಮನೆಯವರಿಗೆ ಒಪ್ಪುವುದಿಲ್ಲ.

ಚಿಕ್ಕಂದಿನಿಂದ ನೀನು ಹೀಗೆಯೇ. ಅಂಗಡಿಯವನು ಅಮ್ಮನನ್ನು ಏನಾದರೂ ಅಂದರೆ ನೀನು ಅರ್ಧ ನುಂಗಿ, ಉಳಿದದ್ದಕ್ಕೆ ಬೆಲ್ಲ ಸವರಿ ಹೇಳುತ್ತಿದ್ದೆ. ನಾನಾದರೆ ಪೂರ್ತಿ ಹೇಳಿ, ಮೇಲೆ ಒಂದಿಷ್ಟು ಖಾರ ನಾನೇ ಸೇರಿಸುತ್ತಿದ್ದೆ. ಜಗಳ ಬಿಡಿಸಲು ನೀನು ಬರುತ್ತಿದ್ದೆ.

ಯಾರು ಬರೆಯುತ್ತಾರೆ ಎಂದು ಕೇಳಿದ್ದೀಯ. ಇಲ್ಲಿ ಒಂದು ಮಾತು ಹತ್ತು ಕೈ ದಾಟಿ ಹೋಗುತ್ತದೆ, ಯಾರದೆಂದು ಹೇಳುವುದು ಕಷ್ಟ. ಮಂಡಳಿಯವರ ಎದುರು ಕೈ ಜೋಮು ಹಿಡಿಯಿತು ಎಂದುಬಿಡು. ನನಗೆ ಪರಿಚಯದ ಡಾಕ್ಟರಿದ್ದಾರೆ, ಒಂದು ಸರ್ಟಿಫಿಕೇಟ್ ಬರೆಸಿ ಕಳಿಸುತ್ತೇನೆ. ಪರವಾನಗಿ ಉಳಿದರೆ ಸಾಕು, ಆದರ್ಶ ಆಮೇಲೆ ನೋಡಿಕೊಳ್ಳೋಣ.

ಅಮ್ಮ ಏನಂದಳು?

ನಿನ್ನ,
ವಟವಟ

ಫೆಬ್ರವರಿ 18

ಪ್ರೀತಿಯ ತಮ್ಮ,

ಸರ್ಟಿಫಿಕೇಟ್ ಬಂತು. ಮಡಚಿ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಅಮ್ಮನಿಗೂ ಜೋಮು ಎಂದೇ ಹೇಳಿದ್ದೆ, ಅವತ್ತಿನಿಂದ ಪಾಪ ದಿನಾ ನನ್ನ ಕೈಗೆ ಎಣ್ಣೆ ತಿಕ್ಕುತ್ತಿದ್ದಾಳೆ.

ನಿನ್ನೆ ಮನೆಗೆ ಒಬ್ಬಳು ಬಂದಿದ್ದಳು. ದರ್ಜಿ, ನನ್ನ ವಯಸ್ಸಿನವಳೇ, ಹುಟ್ಟಿನಿಂದ ಕಿವಿ ಕೇಳದವಳು. ಅವಳ ಕೈಹೆಸರು 'ಸೂಜಿ', ಬಟ್ಟೆ ಚುಚ್ಚುವ ಹಾಗೆ ಎರಡು ಬೆರಳು ಆಡಿಸಬೇಕು. ಕಾಲುವೆ ದಂಡೆಯ ಕೊನೆಯ ಮನೆ ಅವಳದು, ಮುಂದಿನ ಕೋಣೆಯಲ್ಲೇ ಅಂಗಡಿ. ಒಂದು ಕೈಗೆ ಪ್ಲಾಸ್ಟರ್ ಹಾಕಿತ್ತು. ಉಳಿದೊಂದು ಕೈಯಲ್ಲೇ ಮಾತಾಡಿದಳು, ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಇಲ್ಲ, ಅರ್ಥವಾಗಬಾರದೆಂದು ನಾನೇ ಹಟ ಹಿಡಿದಿದ್ದೆನೋ ಏನೋ.

ಅವತ್ತು ಮೈದಾನದ ಮೈಕಿನ ಸದ್ದು ಕಾಲುವೆವರೆಗೂ ಕೇಳಿಸುತ್ತಿತ್ತಂತೆ. ಪೊರಕೆಯ ಮಾತು ಕಿವಿಗೆ ಬಿದ್ದದ್ದೇ ತಡ, ಅಕ್ಕಪಕ್ಕದವರೆಲ್ಲ ಮಕ್ಕಳನ್ನು ಎತ್ತಿಕೊಂಡು ಓಡಿದ್ದಾರೆ. ಆ ಗಡಿಬಿಡಿಯಲ್ಲಿ ಇವಳು ಯಾರಿಗೂ ನೆನಪಾಗಲಿಲ್ಲ. ಇವಳು ಒಳಗೆ ಹೊಲಿಯುತ್ತ ಟಿವಿ ನೋಡುತ್ತಿದ್ದಳು. ಅಂದರೆ ನನ್ನನ್ನು ನೋಡುತ್ತಿದ್ದಳು. ನಾನು ಕೈ ಕಟ್ಟಿಕೊಂಡಾಗ ಏನೋ ಬಿಡುವು ಇರಬೇಕು ಎಂದುಕೊಂಡಳಂತೆ. ಮತ್ತೆ ರಸ್ತೆ ರಿಪೇರಿ ಬಂತಲ್ಲ, ನಿಶ್ಚಿಂತೆಯಿಂದ ಬಾಗಿಲು ತೆರೆದಿಟ್ಟುಕೊಂಡು ಹೊಲಿಯುತ್ತ ಕೂತಳು. ಅವರು ಬಂದಾಗ ಆ ಸಾಲಿನಲ್ಲಿ ಬಾಗಿಲು ತೆರೆದಿದ್ದ ಮನೆ ಅದೊಂದೇ. ಹೊಲಿಗೆ ಯಂತ್ರವನ್ನು ಕಾಲುವೆಗೆ ಎಸೆದರು. ತಡೆಯಲು ಹೋದವಳ ಮಣಿಕಟ್ಟು ಮುರಿದರು.

ಅವಳು ನನ್ನನ್ನು ಕೇಳಿದ್ದು ಇಷ್ಟು: "ನನ್ನನ್ನ ಕೊಳೆ ಅಂತ ಅಂದದ್ದು ಊರಿಗೆಲ್ಲ ಗೊತ್ತು. ನನಗೆ ಗೊತ್ತಾಗಬಾರದು ಅಂತ ತೀರ್ಮಾನ ಮಾಡೋಕೆ ನೀನು ಯಾರು?"

ನಾನು ಬಾಯಿ ಮುಚ್ಚಿಸಿದ್ದು ನಿಮ್ಮ ಸಾಹೇಬರದ್ದಲ್ಲ. ಅವರ ಮಾತು ಅರ್ಧ ಊರಿಗೆ ಕೇಳಿಸಿತು. ಕಣ್ಣು ಕಟ್ಟಿದ್ದು ಇವಳದ್ದು. ಎರಡು ವಾರ ಜಂಬ ಕೊಚ್ಚಿಕೊಂಡು ಓಡಾಡಿದೆನಲ್ಲ. ಅವಳೂ ಮಂಡಳಿಗೆ ದೂರು ಕೊಟ್ಟಿದ್ದಾಳೆ. ಕೊಡಲಿ, ಅದು ನ್ಯಾಯವೇ.

ಏನಾದರೂ ಬರಿ. ಬೈದರೂ ಸರಿ.

ಅಕ್ಕ

ಫೆಬ್ರವರಿ 22

ಅಕ್ಕ,

ಅವಳ ಯಾವ ಕೈ? ಬಲವೋ, ಎಡವೋ?

ಹೊಲಿಗೆ ಯಂತ್ರ ಯಾವ ಬಗೆಯದು ಎಂದು ವಿಚಾರಿಸಿ ತಿಳಿಸು. ಕೆಲಸ ತುಂಬ ಇದೆ, ಆಮೇಲೆ ಬರೆಯುತ್ತೇನೆ.

ವ.

ಫೆಬ್ರವರಿ 28

ತಮ್ಮನಿಗೆ,

ಬಲಗೈ. ಯಾಕೆ ಕೇಳಿದೆ ಎಂದು ನಾಲ್ಕು ದಿನ ತಲೆ ಕೆಡಿಸಿಕೊಂಡಿದ್ದೆ. ಇವತ್ತು ಗೊತ್ತಾಯಿತು.

ದೂರಿನ ಜೊತೆ ನಿಮ್ಮ ಕಚೇರಿಯವರು ಭಾಷಣದ ಮೂಲ ಪ್ರತಿಯನ್ನೂ ಮಂಡಳಿಗೆ ಕೊಟ್ಟಿದ್ದಾರೆ, ನಾನು ಯಾವ ಮಾತನ್ನು ಬಿಟ್ಟೆ ಎಂದು ತೋರಿಸಲು. ಮಂಡಳಿಯವರು ನನಗೊಂದು ನಕಲು ಕಳಿಸಿದ್ದಾರೆ. ಹನ್ನೊಂದು ಪುಟ, ಅಚ್ಚುಕಟ್ಟಾದ ಟೈಪು. ಪ್ರತಿ ಎರಡು ಮೂರು ವಾಕ್ಯಕ್ಕೊಂದು ಸಲ ಪೆನ್ಸಿಲಿನಲ್ಲಿ ಹಾಕಿದ ಸಣ್ಣ ಸೊನ್ನೆ.

ಅಪ್ಪನ ಕಾಗದ ಬಂದಾಗ ಅಮ್ಮ ಹಿಟ್ಟಿನ ಕೈಯಲ್ಲೋ ಸೋಪಿನ ಕೈಯಲ್ಲೋ ಇರುತ್ತಿದ್ದಳು. ನಾವಿಬ್ಬರೂ ಮುಂದೆ ನಿಂತು ಕೈಮಾತಿನಲ್ಲಿ ಓದಿ ಹೇಳುತ್ತಿದ್ದೆವು. ನಾನು ಗಡಿಬಿಡಿ ಮಾಡುತ್ತೇನೆ, ಅಮ್ಮನ ಕಣ್ಣು ಸೋಲುತ್ತದೆ ಎಂದು ಎಲ್ಲಿ ಕೈ ಇಳಿಸಬೇಕೋ ಅಲ್ಲೆಲ್ಲ ನೀನು ಮೊದಲೇ ಪೆನ್ಸಿಲಿನಲ್ಲಿ ಸೊನ್ನೆ ಹಾಕಿಡುತ್ತಿದ್ದೆ. ಆಗ ನಿನಗೆ ಎಂಟು ವರ್ಷ. ಭೂಮಿಯ ಮೇಲೆ ಬೇರೆ ಯಾರೂ ಹಾಗೆ ಕಾಗದಕ್ಕೆ ಗುರುತು ಹಾಕುವುದನ್ನು ನಾನು ನೋಡಿಲ್ಲ.

'ಪ್ರತಿ ಮನೆಯಲ್ಲೂ ಒಂದು ಪೊರಕೆ ಇದೆ' ಆದಮೇಲೆ ಒಂದು ಸೊನ್ನೆ ಇದೆ.

ಹೊಲಿಗೆ ಯಂತ್ರದ ಬಗ್ಗೆ ವಿಚಾರಿಸಲಿಲ್ಲ.

ಅಕ್ಕ

ಮಾರ್ಚ್ 4

ಅಕ್ಕ,

ಹೌದು. ನಾನೇ.

ಭಾಷಣ ಬರೆಯಲು ಶುರುಮಾಡಿ ಮೂರು ವರ್ಷವಾಯಿತು. ಅಂಕಿಅಂಶದ ಕೆಲಸ ಮೊದಲ ವರ್ಷಕ್ಕೇ ಮುಗಿದಿತ್ತು. ನೀನು ಹೆಮ್ಮೆಯಿಂದ ಎಲ್ಲರಿಗೂ ಹೇಳುತ್ತಿದ್ದೆಯಲ್ಲ, ನಮ್ಮ ತಮ್ಮ ಚರಂಡಿ ಲೆಕ್ಕ ಹಾಕುತ್ತಾನೆ ಎಂದು, ಆಮೇಲೆ ತಿದ್ದಲು ಬಾಯಿ ಬರಲಿಲ್ಲ. ಪೊರಕೆಯ ಆ ಸಾಲುಗಳನ್ನು ಬರೆಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಸಾಹೇಬರು ಓದಿ, "ಇದರಲ್ಲಿ ಯಾರ ಹೆಸರೂ ಇಲ್ಲ, ಆದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಭೇಷ್!" ಅಂದರು. ಬೆನ್ನು ತಟ್ಟಿಸಿಕೊಂಡು ಬಂದು ಟೀ ಕುಡಿದೆ. ಅವತ್ತು ನನಗೆ ಏನೂ ಅನ್ನಿಸಲಿಲ್ಲ ಅಕ್ಕ. ಖುಷಿಯಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ನಮ್ಮೂರ ವೇದಿಕೆಯಲ್ಲಿ ನೀನೇ ನಿಲ್ಲುತ್ತೀಯ ಎಂದು ಗೊತ್ತಿತ್ತು. ಸಾಹೇಬರು ಒಂದೇ ಉಸಿರಿಗೆ ಓದಿಬಿಡುತ್ತಾರೆ. ಅಲ್ಲಲ್ಲಿ ನಿಂತು ಓದಿದರೆ ನಿನ್ನ ಕೈಗೆ ಸುಲಭವಾಗುತ್ತದೆ ಎಂದು ಸೊನ್ನೆ ಹಾಕಿದೆ. ನಿನ್ನ ಮೇಲಿನ ಅಕ್ಕರೆಯಿಂದಲೇ ಹಾಕಿದ್ದು. ಈಗ ಇದನ್ನು ಬರೆಯುವಾಗ ನನಗೇ ಅಸಹ್ಯವಾಗುತ್ತಿದೆ.

ಬಲಗೈಯೋ ಎಡಗೈಯೋ ಎಂದು ಕೇಳಿದ್ದು, ಎಡಗೈ ಎಂದರೆ ಸ್ವಲ್ಪ ಹಗುರವಾಗಬಹುದೇನೋ ಎಂಬ ಆಸೆಯಿಂದ.

ಹೋದ ಸಲ ನಿನಗೆ ಮಾಡಿದ ಪಾಠದ ಮೇಲೆ ಇನ್ನೂ ನನಗೆ ನಂಬಿಕೆ ಇದೆ. ಮಾತಾಡಿದ್ದಕ್ಕೆ ಯಾರ ಬಾಯನ್ನೂ ಹೊಲಿಯಬಾರದು. ಆದರೆ ಆ ಪಾಠವನ್ನು ನಾನು ಯಾಕೆ ಮಾಡುತ್ತಿದ್ದೆ ಎನ್ನುವುದು ಬೇರೆ ವಿಷಯ. ಹೇಳುವ ಹಕ್ಕಿನ ಬಗ್ಗೆ ಪುಟಗಟ್ಟಲೆ ಬರೆಯಬಲ್ಲೆ, ಹೇಳಿದ್ದು ನಾನೇ ಎನ್ನಲು ಮಾತ್ರ ನನಗೆ ಒಂದು ತಿಂಗಳು ಬೇಕಾಯಿತು.

18ಕ್ಕೆ ಮಂಡಳಿಯ ಎದುರು ಬಂದು ನಾನೇ ಬರೆದದ್ದು ಎಂದು ಹೇಳುತ್ತೇನೆ. ಅಂಥ ಮಾತನ್ನು ತಡೆದದ್ದು ತಪ್ಪಲ್ಲ ಎಂದು ನಿನ್ನನ್ನು ಬಿಟ್ಟಾರು. ನನ್ನ ಕೆಲಸ ಹೋಗುತ್ತದೆ, ಹೋಗಲಿ. ಅಮ್ಮನಿಗೆ ಮಾತ್ರ ಹೇಳಬೇಡ. ದಮ್ಮಯ್ಯ.

ತಮ್ಮ

ಮಾರ್ಚ್ 9

ಪ್ರೀತಿಯ ತಮ್ಮ,

ಅಮ್ಮನಿಗೆ ಹೇಳಿದೆ. ನಿನ್ನ ಕಾಗದ ಸಿಕ್ಕಿದ ದಿನವೇ, ಅಡುಗೆಮನೆಯಲ್ಲಿ ಎದುರು ಕೂರಿಸಿಕೊಂಡು, ಒಂದಕ್ಷರ ಬಿಡದೆ. ಪೊರಕೆ, ಸೊನ್ನೆ, ಸೂಜಿಯ ಮಣಿಕಟ್ಟು, ನನ್ನ ಜೋಮಿನ ಸುಳ್ಳು, ಎಲ್ಲ. ಎಣ್ಣೆಯ ಬಟ್ಟಲನ್ನು ನನ್ನ ತಲೆಗೆ ಎಸೆಯುತ್ತಾಳೆ ಎಂದುಕೊಂಡಿದ್ದೆ, ಎಸೆಯಲಿಲ್ಲ. ಬಹಳ ಹೊತ್ತು ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಳು. ಅವಳ ಕೈ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅಪ್ಪ ಹೋದ ದಿನ ಬಿಟ್ಟರೆ ನಾನು ನೋಡಿಲ್ಲ.

ಆಮೇಲೆ ನನ್ನನ್ನು ಕೇಳಿದಳು: "ನನ್ನ ಹತ್ರಾನೂ ಹೀಗೇ ಎಷ್ಟು ಮಾತು ನುಂಗಿದೀಯ?"

ಒಂದೊಂದಾಗಿ ಕಕ್ಕಿಸಿದಳು, ವಟವಟ. ಅಂಗಡಿಯವನದು, ನಿನ್ನ ಶಾಲೆಯ ಮೇಷ್ಟರದು, ಬ್ಯಾಂಕಿನವಳದು, ಚಿಕ್ಕಪ್ಪನದು. ಮೂವತ್ತು ವರ್ಷದ ಬಾಕಿ ಒಂದೇ ಮಧ್ಯಾಹ್ನದಲ್ಲಿ. ಕೆಲವಕ್ಕೆ ನಕ್ಕಳು. ಬ್ಯಾಂಕಿನವಳ ಮಾತಿಗೆ ಅವಳೊಂದು ಉತ್ತರ ಕೊಟ್ಟಳು, ಅದನ್ನು ಕಾಗದದ ಮೇಲೆ ಬರೆಯುವ ಹಾಗಿಲ್ಲ. ಚಿಕ್ಕಪ್ಪನ ಮಾತಿಗೆ ಮಾತ್ರ ಅತ್ತಳು. "ಗೊತ್ತಿದ್ರೆ ಅವನ ಮನೆಗೆ ಅಷ್ಟು ವರ್ಷ ಹೋಗಿ ದುಡೀತಿರಲಿಲ್ಲ" ಅಂದಳು. ನಾನು ಅವಳನ್ನು ನೋವಿನಿಂದ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಕಾಪಾಡಿದ್ದು ಚಿಕ್ಕಪ್ಪನನ್ನು.

ನಿನ್ನ ಬಗ್ಗೆ ಅವಳು ಹೇಳಿದ್ದು ಎರಡೇ ಮಾತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. "ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತ ಹೇಳು. ಮಾಡಿ, ಬಂದು ಆ ಹೆಂಗಸಿನ ಎದುರು ನಿಲ್ಲು ಅಂತ ಹೇಳು."

ನನ್ನದೂ ಅದೇ ಮಾತು. ಮಂಡಳಿಗೆ ನೀನು ಬರಬೇಡ. ನನ್ನ ತಪ್ಪಿಗೆ ನಿನ್ನ ತಪ್ಪನ್ನು ಸಾಕ್ಷಿಯಾಗಿ ತಂದು ನಿಲ್ಲಿಸಬೇಡ, ಅವೆರಡೂ ಬೇರೆ ಬೇರೆ. ನಿಮ್ಮ ಸಾಹೇಬರು ಆ ಮಾತು ಆಡಬಾರದಿತ್ತು, ನೀನು ಬರೆಯಬಾರದಿತ್ತು. ಆದರೆ ಆಡಿದ ಮೇಲೆ ನಾನು ಸೂಜಿಯಿಂದ ಅದನ್ನು ಮುಚ್ಚಿಡಬಾರದಿತ್ತು. ಹಾಗೆಂದೇ ಹೇಳುತ್ತೇನೆ. ಡಾಕ್ಟರ ಸರ್ಟಿಫಿಕೇಟ್ ಹರಿದು ಹಾಕಿದೆ.

ನಾನು ಅಲ್ಲಿಗೆ ಬಂದು ನಿನ್ನ ರೂಮಿನಲ್ಲಿ ಉಳಿಯುತ್ತೇನೆ, ಬೀಗದ ಕೈ ಕೆಳಗಿನ ಮನೆಯಲ್ಲಿ ಕೊಟ್ಟಿರು. ನೀನು ಇಲ್ಲಿಗೆ ಬಾ. ನಾನು ಬಿಟ್ಟ ಒಂದೂವರೆ ನಿಮಿಷವನ್ನು ನೀನು ಅವಳಿಗೆ ಹೇಳು. ನಿನ್ನ ಕೈಯಿಂದಲೇ, ಪೂರ್ತಿ.

ನಿನ್ನ ಮೇಲೆ ಸಿಟ್ಟಿದೆ. ಅದು ಇಷ್ಟು ಬೇಗ ಹೋಗುವಂಥದ್ದಲ್ಲ. ಆದರೂ ಪ್ರೀತಿಯ ಎಂದು ಬರೆದೇ ಕಾಗದ ಶುರುಮಾಡಿದ್ದೇನೆ, ನೋಡಿಕೋ.

ಅಕ್ಕ

ಮಾರ್ಚ್ 19

ಪ್ರೀತಿಯ ವಟವಟ,

ನಿನ್ನ ಅಡುಗೆಮನೆಯಲ್ಲಿ ಒಂದು ಚಮಚ, ಒಂದು ಲೋಟ, ಹದಿನೇಳು ಖಾಲಿ ಬಿಸ್ಕತ್ತು ಪೊಟ್ಟಣ. ಅಮ್ಮ ಊಟ ಮಾಡು ಎಂದದ್ದು ಸುಮ್ಮನೆ ಅಲ್ಲ. ಎಲ್ಲ ಒರೆಸಿಟ್ಟಿದ್ದೇನೆ. ಬಂದು ನನ್ನ ವಸ್ತು ಎಲ್ಲಿ ಎಂದು ಕೂಗಾಡಬೇಡ.

ಮಂಡಳಿಯಲ್ಲಿ ಐದು ಜನ ಕೂತಿದ್ದರು. ಪಕ್ಷದ ವಕೀಲರು, ನಾನು ವಾಕ್ ಸ್ವಾತಂತ್ರ್ಯದ ಕೊರಳು ಹಿಸುಕಿದೆ ಎಂದು ಮುಕ್ಕಾಲು ಗಂಟೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಅದನ್ನು ಬರೆದುಕೊಟ್ಟವನು ನೀನಲ್ಲ ತಾನೆ? ಸೂಜಿಯ ದೂರು ಒಂದೇ ಪುಟ, ಓದಿ ಮುಗಿಸಲು ಎರಡು ನಿಮಿಷ ಸಾಕಾಯಿತು. ಪಕ್ಷದ ದೂರನ್ನು ತಳ್ಳಿಹಾಕಿದರು. ಸೂಜಿಯ ದೂರನ್ನು ಎತ್ತಿ ಹಿಡಿದು ಆರು ತಿಂಗಳು ನನ್ನ ಪರವಾನಗಿ ತಡೆಹಿಡಿದಿದ್ದಾರೆ. ಅಲ್ಲಿಯವರೆಗೆ ಎಲ್ಲೂ ಯಾರಿಗೂ ಅನುವಾದ ಮಾಡುವ ಹಾಗಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಆರು ತಿಂಗಳಿಗಾಗಿ ಅಲ್ಲ, ತೀರ್ಪು ಸರಿ ಇತ್ತಲ್ಲ ಅದಕ್ಕೆ.

ಕಾಗದ ಪತ್ರಕ್ಕೆ ಸಹಿ ಹಾಕಲು ಇನ್ನೂ ನಾಲ್ಕು ದಿನ ಇಲ್ಲೇ ಇರಬೇಕು. ಅವಳ ಹತ್ತಿರ ಹೋದೆಯಾ? ಬರಿ.

ಅಕ್ಕ

ಮಾರ್ಚ್ 20

ಪ್ರೀತಿಯ ಅಕ್ಕ,

ನನ್ನದೇ ವಿಳಾಸಕ್ಕೆ ಕಾಗದ ಬರೆಯುವುದು ಇದೇ ಮೊದಲು. ಅಮ್ಮ ಎದುರಿಗೇ ಕೂತು, ಬರೆದಿದ್ದನ್ನೆಲ್ಲ ಓದುತ್ತಿದ್ದಾಳೆ. ಮೂರು ಹೊತ್ತೂ ಊಟ ಹಾಕಿದ್ದಾಳೆ. ಕೈಮಾತು ಮಾತ್ರ ಬೇಕಾದಷ್ಟೇ ಆಡುತ್ತಾಳೆ.

18ರ ಬೆಳಿಗ್ಗೆ ಸೂಜಿಯ ಅಂಗಡಿಗೆ ಹೋದೆ. ಯಂತ್ರವಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಮಾತ್ರ ಇದೆ. ನಾನು ಯಾರೆಂದು, ಆ ಮಾತು ಬರೆದದ್ದು ನಾನೇ ಎಂದು ಹೇಳಿದೆ. ಕುರ್ಚಿ ಕೊಡಲಿಲ್ಲ, ಹೊರಗೆ ಹೋಗು ಎಂದೂ ಹೇಳಲಿಲ್ಲ. ಆ ಒಂದೂವರೆ ನಿಮಿಷವನ್ನು ಪೂರ್ತಿ ಹೇಳಿದೆ. ನಾನು ಬರೆದ ಯಾವ ಮಾತನ್ನೂ ಅವತ್ತಿನವರೆಗೆ ನನ್ನ ಕೈಯಿಂದ ಯಾರಿಗೂ ಹೇಳಿರಲಿಲ್ಲ ಅಕ್ಕ. ಬರೆಯಲು ಹತ್ತು ನಿಮಿಷ ಸಾಕಾಗಿತ್ತು. ಅದನ್ನೇ ಅವಳ ಕಣ್ಣು ನೋಡಿಕೊಂಡು ಒಂದೊಂದೇ ಮಾತಾಗಿ ಹೇಳಿದೆ. ಮುಗಿಸಿದೆ. ಕ್ಷಮಿಸಿ ಎಂದು ಕೈ ಎತ್ತುವಷ್ಟರಲ್ಲಿ ತಡೆದಳು. "ಇನ್ನೊಂದು ಸಲ" ಅಂದಳು. ಇನ್ನೊಂದು ಸಲ ಹೇಳಿದೆ. ಕಣ್ಣು ಮಿಟುಕಿಸದೆ ನೋಡಿದಳು.

ಕ್ಷಮಿಸಿದೆ ಎನ್ನಲಿಲ್ಲ. ಹೊಸ ಯಂತ್ರ ಕೊಡಿಸುವ ಮಾತೆತ್ತಿದೆ, ಅದೂ ಬೇಡವೆಂದಳು. ಪೊಲೀಸ್ ಠಾಣೆಗೆ ಎರಡು ಸಲ ಹೋಗಿದ್ದಳಂತೆ, ಕೈಮಾತು ಗೊತ್ತಿರುವವರನ್ನು ಕರೆದುಕೊಂಡು ಬನ್ನಿ ಎಂದು ಎರಡು ಸಲವೂ ವಾಪಸು ಕಳಿಸಿದ್ದರು. "ನಿನ್ನ ಅಕ್ಕ ಊರಲ್ಲಿಲ್ಲ. ನೀನು ಬಾ" ಅಂದಳು.

ಇವತ್ತು ಹೋದೆವು. ಠಾಣೆಯಲ್ಲಿ ದೂರು ಬರೆದುಕೊಳ್ಳುವವರು ನಿವೃತ್ತಿಗೆ ಹತ್ತಿರದವರು, ನಿಧಾನಸ್ಥರು, ಒಳ್ಳೆಯವರು. ಅವಳು ಹೇಳುತ್ತ ಹೋದಳು, ನಾನು ಬಾಯಿಬಿಟ್ಟು ಹೇಳುತ್ತ ಹೋದೆ. ಬಾಗಿಲು, ಯಂತ್ರ, ಮಣಿಕಟ್ಟು, ಎಸೆದವರ ಮುಖ. ಏನನ್ನೂ ನುಂಗಲಿಲ್ಲ, ಖಾರವನ್ನೂ ಸೇರಿಸಲಿಲ್ಲ.

"ಭಾಷಣ ಮಾಡಿದವರು ಯಾರು ಅಂತ ಗೊತ್ತಿದೆ" ಅಂದರು ಅವರು. "ಅದನ್ನ ಬರೆದುಕೊಟ್ಟವರು ಯಾರು ಅಂತ ಈಯಮ್ಮನಿಗೆ ಗೊತ್ತಾ? ಕೇಳಿ."

ಕೇಳಿದೆ. ಅವಳು ಎಡಗೈ ಎತ್ತಿ ನನ್ನತ್ತ ತೋರಿಸಿದಳು.

"ಏನಂತಾರೆ?"

"ಇವನೇ ಅಂತಾರೆ."

"ಇವನು ಅಂದ್ರೆ?"

"ನಾನು."

ಅವರು ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು. "ನೀವು ಅನುವಾದ ಮಾಡೋಕೆ ಬಂದವರಲ್ವಾ? ಯೋಚನೆ ಮಾಡಿ ಹೇಳಿ. ನಾನಿನ್ನೂ ಬರೆದಿಲ್ಲ. ಬರ್ಕೊಳ್ಲಾ, ಬೇಡ್ವಾ?"

ಅವರು ಕೇಳಿದ್ದು ನನ್ನನ್ನು. ನಾನು ಅದನ್ನೂ ಇದ್ದ ಹಾಗೆ ಕೈಮಾತಿನಲ್ಲಿ ಸೂಜಿಗೆ ಕೇಳಿದೆ. ಅವಳು ಉತ್ತರ ಕೊಟ್ಟಳು.

"ಬರ್ಕೊಳ್ಳಿ ಅಂತಿದಾರೆ" ಅಂದೆ.

ನಿನ್ನ,
ತಮ್ಮ